ಆಟಿಸಂ ಇರುವ ಮಕ್ಕಳು ಮತ್ತು ಯುವಜನರಲ್ಲಿ ಗಮನಕ್ಕೆ ಬಾರದೆ ಉಳಿಯುವ ದೈಹಿಕ ಕಾಯಿಲೆಗಳು

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಗುರುತಿಸಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂ ಅಥವಾ ಸ್ವಲೀನತೆಯೂ ಒಂದು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಎಳವೆಯಲ್ಲೇ ಕಾಣಿಸಿಕೊಂಡು ಜೀವನಪೂರ್ತಿ ಜೊತೆಗಿರುವ ಸ್ಥಿತಿ. ಮಾತು, ಇತರರೊಡನೆ ಬೆರೆಯುವ ರೀತಿ, ಬೆಳಕು, ಶಬ್ದ ಮತ್ತು ಸ್ಪರ್ಶಗಳನ್ನು ತಾಳಿಕೊಳ್ಳುವ ಬಗೆ, ದಿನಚರಿಯ ಬದಲಾವಣೆಯನ್ನು ಸಹಿಸುವ ಶಕ್ತಿ ಇವೆಲ್ಲ ಇಂಥವರಲ್ಲಿ ಭಿನ್ನವಾಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರು ಆಟಿಸಂ ಉಳ್ಳವರು. ಆರು ಸಾವಿರ ಜನಸಂಖ್ಯೆಯ ಒಂದು ಗ್ರಾಮ ಪಂಚಾಯಿತಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಎಲ್ಲ ವಯಸ್ಸಿನವರೂ ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಆಗುತ್ತಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪಟ್ಟಿಯಲ್ಲಿ ಆಟಿಸಂ ಎಂಬ ಕಲಮಿನಡಿ ಅಷ್ಟು ಹೆಸರುಗಳು ಸಿಗುವುದು ಅಪರೂಪ. ಉಳಿದವರು ಊರಿನಲ್ಲಿಯೇ ಇದ್ದಾರೆ. ಬುದ್ಧಿ ಕಡಿಮೆ, ಮೂಗ, ಹಠಮಾರಿ, ಒಂಟಿಬಡಕ ಎಂಬ ಬೇರೆ ಹೆಸರುಗಳಲ್ಲಿ ಇದ್ದಾರೆ.

ಆಟಿಸಂ ಎಂದರೇನು ಎಂಬುದನ್ನು ವಿವರಿಸುವ ಕರಪತ್ರಗಳು ಈಗ ಅಲ್ಲಲ್ಲಿ ದೊರೆಯುತ್ತಿವೆ. ಈ ಉಪನ್ಯಾಸದ ವಿಷಯ ಅದಕ್ಕಿಂತ ಕಿರಿದು. ಆಟಿಸಂ ಇರುವ ಮಗುವಿಗೂ ಹಲ್ಲು ಹುಳುಕಾಗುತ್ತದೆ, ಕಿವಿ ಸೋರುತ್ತದೆ, ಮಲ ಕಟ್ಟುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂರ್ಛೆ ಬರುತ್ತದೆ. ಬೇರೆ ಮಕ್ಕಳಲ್ಲಿ ಒಂದು ವಾರದೊಳಗೆ ಪತ್ತೆಯಾಗುವ ಇಂತಹ ತೊಂದರೆಗಳು ಈ ಮಕ್ಕಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತವೆ. ಮಗು ಕಿರುಚಿದರೆ, ತಲೆಯನ್ನು ಗೋಡೆಗೆ ಬಡಿದುಕೊಂಡರೆ, ಊಟ ಬಿಟ್ಟರೆ, ರಾತ್ರಿ ನಿದ್ದೆ ಮಾಡದಿದ್ದರೆ, ಮನೆಯವರೂ ಶಿಕ್ಷಕರೂ ಎಷ್ಟೋ ಬಾರಿ ವೈದ್ಯರೂ ನೀಡುವ ಉತ್ತರ ಒಂದೇ: ಅದು ಅವನ ಆಟಿಸಂ. ಆ ಒಂದು ಮಾತಿನೊಂದಿಗೆ ತಪಾಸಣೆ ಮುಗಿದುಹೋಗುತ್ತದೆ.

ಒಂದು ಸ್ಥಿತಿಯ ಹೆಸರಿನ ನೆರಳಿನಲ್ಲಿ ಇನ್ನೊಂದು ಕಾಯಿಲೆ ಮರೆಯಾಗುವ ಈ ದೋಷವನ್ನು ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ರೀಸ್ ಮತ್ತು ಸಂಗಡಿಗರು 1982ರಲ್ಲಿ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಅವರು ಗಮನಿಸಿದ್ದು ಬೌದ್ಧಿಕ ನ್ಯೂನತೆ ಉಳ್ಳವರಲ್ಲಿ ಮಾನಸಿಕ ಕಾಯಿಲೆಗಳು ಹೇಗೆ ಕಡೆಗಣನೆಗೆ ಒಳಗಾಗುತ್ತವೆ ಎಂಬುದನ್ನು. ಅದೇ ನೆರಳು ದೈಹಿಕ ಕಾಯಿಲೆಗಳ ಮೇಲೂ ಬೀಳುತ್ತದೆ ಎಂಬುದು ಆನಂತರ ಸ್ಪಷ್ಟವಾಯಿತು. ಆಟಿಸಂ ಅನ್ನು ಮೊದಲು ವಿವರಿಸಿದ ಲಿಯೋ ಕ್ಯಾನರ್ ಅವರ 1943ರ ವರದಿಯಲ್ಲಿರುವ ಹನ್ನೊಂದು ಮಕ್ಕಳಲ್ಲಿ ಹಲವರಿಗೆ ಶೈಶವದಿಂದಲೇ ಆಹಾರ ಸೇವನೆಯ ತೊಂದರೆ ಇದ್ದುದು ದಾಖಲಾಗಿದೆ. ದೇಹದ ಸುಳಿವು ಮೊದಲ ದಿನದಿಂದಲೂ ಕಣ್ಣೆದುರಿಗೇ ಇತ್ತು.

ಈ ಮಕ್ಕಳಿಗೆ ನೋವೇ ತಿಳಿಯುವುದಿಲ್ಲ ಎಂಬ ನಂಬಿಕೆ ಇನ್ನೂ ಬಲವಾಗಿದೆ. ಬಿದ್ದು ಮಂಡಿ ತರಚಿಕೊಂಡರೂ ಅಳದ ಮಗುವನ್ನು ಕಂಡವರು ಹಾಗೆ ನಂಬುವುದು ಸಹಜ. ಆದರೆ ನೋವು ಇರುವುದು ಬೇರೆ, ಅದನ್ನು ಇತರರಿಗೆ ಅರ್ಥವಾಗುವ ಹಾಗೆ ತೋರಿಸುವುದು ಬೇರೆ. ನೋವಿನ ಜಾಗವನ್ನು ಬೆರಳಿಟ್ಟು ತೋರಿಸುವುದು, ಮುಖ ಕಿವಿಚುವುದು, ಅಮ್ಮನ ಬಳಿ ಓಡಿಬರುವುದು ಇವೆಲ್ಲ ಸಂವಹನದ ಕ್ರಿಯೆಗಳು. ಆಟಿಸಂನಲ್ಲಿ ತೊಡಕಾಗುವುದು ಅಲ್ಲಿಯೇ. ಚೆನ್ನಾಗಿ ಮಾತನಾಡಬಲ್ಲ ಯುವಕನಿಗೂ ಎಲ್ಲಿ ನೋವು ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗಬಹುದು; ಹಸಿವೆ, ಹೊಟ್ಟೆಯುಬ್ಬರ, ಮಲ ವಿಸರ್ಜನೆಯ ಒತ್ತಡ ಇವುಗಳ ನಡುವಣ ವ್ಯತ್ಯಾಸ ಅವನಿಗೇ ಗೊತ್ತಾಗದಿರಬಹುದು.

ಇಂತಹ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು, ಅತಿ ಹೆಚ್ಚು ಕಡೆಗಣಿಸಲ್ಪಡುವುದು ಮಲಬದ್ಧತೆ. ಸಭೆಗಳಲ್ಲಿ ಈ ವಿಷಯ ಎತ್ತಲು ಸಂಕೋಚಪಡುವವರೇ ಹೆಚ್ಚು. ಅದಕ್ಕಾಗಿಯೇ ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ. ಹದಿನೈದು ವರ್ಷದ, ಮಾತು ಬಾರದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಬಹುದು. ಅವನು ತಿನ್ನುವುದು ಬಿಳಿ ಅನ್ನ, ಬಿಸ್ಕತ್ತು ಮತ್ತು ಹಾಲು ಮಾತ್ರ. ಸೊಪ್ಪು, ಕಾಳು, ಹಣ್ಣು ತಟ್ಟೆಗೆ ಬಿದ್ದರೆ ತಟ್ಟೆಯನ್ನೇ ನೂಕುತ್ತಾನೆ. ನೀರು ಕುಡಿಯುವುದು ಕಡಿಮೆ. ಶಾಲೆಯ ಶೌಚಾಲಯದ ಕತ್ತಲೆ, ವಾಸನೆ, ನಲ್ಲಿಯ ಸದ್ದು ಅವನಿಗೆ ಆಗದು. ಆದ್ದರಿಂದ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಾನೆ. ಮಲ ದೊಡ್ಡ ಕರುಳಿನಲ್ಲಿ ನಿಂತಷ್ಟೂ ಅದರ ನೀರಿನಂಶ ಹೀರಿಹೋಗಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಹೊರಬರುವಾಗ ಗುದದ್ವಾರ ಸೀಳಿ ನೋವಾಗುತ್ತದೆ. ಒಮ್ಮೆ ನೋವುಂಡವನು ಮುಂದಿನ ಬಾರಿ ಇನ್ನಷ್ಟು ತಡೆದುಕೊಳ್ಳುತ್ತಾನೆ. ಹೀಗೆ ವಾರಗಳು ಕಳೆದ ಮೇಲೆ ಕರುಳು ಹಿಗ್ಗಿ ಮಲ ಬಂದಿರುವ ಅರಿವೇ ಮಂಕಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ತಾನಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಅದನ್ನು ಭೇದಿ ಎಂದು ತಿಳಿದು, ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಡುತ್ತಾರೆ. ಕಾಯಿಲೆ ಇಮ್ಮಡಿಯಾಗುತ್ತದೆ.

ಈ ಹುಡುಗ ಹೊರಗಿನವರಿಗೆ ಹೇಗೆ ಕಾಣುತ್ತಾನೆ? ತುದಿಗಾಲಿನಲ್ಲಿ ನಿಂತು ಕಾಲುಗಳನ್ನು ಕತ್ತರಿಯಂತೆ ಬಿಗಿಯುತ್ತಾನೆ. ಹೊಟ್ಟೆಯನ್ನು ಮೇಜಿನ ಅಂಚಿಗೆ, ಜಗಲಿಯ ಕಟ್ಟೆಗೆ ಒತ್ತಿಕೊಳ್ಳುತ್ತಾನೆ. ಊಟವಾದ ಅರ್ಧ ಗಂಟೆಗೆ ಅಕ್ಕನ ಕೈ ಕಚ್ಚುತ್ತಾನೆ. ನಡುರಾತ್ರಿ ಎದ್ದು ಕಿರುಚುತ್ತಾನೆ. ಊರಿನವರು ಗಾಳಿ ಸೋಕಿದೆ ಎನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ. ತಾಯತದಿಂದ ಅಪಾಯವೇನಿಲ್ಲ; ಅದನ್ನು ಕಟ್ಟಿಸಿದ ಸಮಾಧಾನದಲ್ಲಿ ವೈದ್ಯರ ಬಳಿಗೆ ಹೋಗದಿರುವುದರಲ್ಲಿ ಅಪಾಯವಿದೆ. ಪಟ್ಟಣದ ವೈದ್ಯರ ಬಳಿಗೆ ಹೋದಾಗಲೂ ಸಿಟ್ಟು ಕಡಿಮೆ ಮಾಡುವ ಮಾತ್ರೆಯೊಂದಿಗೆ ಹಿಂದಿರುಗುವ ಸಂಭವವೇ ಹೆಚ್ಚು. ಹೊಟ್ಟೆ ಮುಟ್ಟಿ ನೋಡಿ, ಎಷ್ಟು ದಿನಕ್ಕೊಮ್ಮೆ ಮಲ ವಿಸರ್ಜನೆಯಾಗುತ್ತದೆ ಎಂದು ಕೇಳಿದ್ದರೆ ಬೇಕಾಗುತ್ತಿದ್ದುದು ಪಾಲಿಎಥಿಲಿನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ಪು, ಕೆಲವು ತಿಂಗಳ ಸಹನೆ ಮತ್ತು ಬೆಳಕು, ನೀರು, ಚಿಲಕ ಇರುವ ಒಂದು ಶೌಚಾಲಯ. ಈ ಕೊನೆಯದು ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಔಷಧ.

ಅಮೆರಿಕದ ಮಕ್ಕಳ ತಜ್ಞರ ಪತ್ರಿಕೆ ಪೀಡಿಯಾಟ್ರಿಕ್ಸ್ 2010ರ ಜನವರಿಯಲ್ಲಿ ಆಟಿಸಂ ಉಳ್ಳವರ ಜೀರ್ಣಾಂಗದ ತೊಂದರೆಗಳ ಬಗ್ಗೆ ತಜ್ಞರ ಒಮ್ಮತದ ವರದಿಯೊಂದನ್ನು ಪ್ರಕಟಿಸಿತು. ಟಿಮೊತಿ ಬ್ಯೂಯಿ ಮತ್ತು ಸಹ ತಜ್ಞರು ಸಿದ್ಧಪಡಿಸಿದ ಆ ವರದಿಯ ತಿರುಳು ಇಷ್ಟು: ತನ್ನನ್ನು ತಾನೇ ಗಾಯಪಡಿಸಿಕೊಳ್ಳುವುದು, ಆಕ್ರಮಣ, ನಿದ್ರಾಭಂಗ ಮುಂತಾದ ವರ್ತನೆಗಳು ಹೊಟ್ಟೆನೋವಿನ ಏಕೈಕ ಚಿಹ್ನೆಯಾಗಿರಬಹುದು, ಬೇರೆ ಮಕ್ಕಳಿಗೆ ನಡೆಯುವ ಪೂರ್ಣ ತಪಾಸಣೆ ಈ ಮಕ್ಕಳಿಗೂ ನಡೆಯಬೇಕು.

ಹಲ್ಲು ಮತ್ತು ಕಿವಿಯ ಕಥೆ ಇದಕ್ಕಿಂತ ಬೇರೆಯಲ್ಲ. ಪೇಸ್ಟಿನ ಖಾರ, ಬ್ರಷ್ಷಿನ ಒರಟು ಸಹಿಸದ ಮಗು ಹಲ್ಲುಜ್ಜಲು ಬಿಡುವುದಿಲ್ಲ. ಸಿಹಿ ಬಿಸ್ಕತ್ತು ದಿನವಿಡೀ ಬಾಯಲ್ಲಿರುತ್ತದೆ. ಹುಳುಕು ಬೇರಿಗೆ ಇಳಿದಾಗ ಮಗು ದವಡೆಗೆ ಗುದ್ದಿಕೊಳ್ಳುತ್ತದೆ. ಬಾಯಿ ತೆರೆಯಲು ಒಪ್ಪದ ಮಗುವಿಗೆ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಲು ಸಾಧ್ಯವಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಮತ್ತು ದಂತ ವೈದ್ಯಕೀಯ ಕಾಲೇಜುಗಳಲ್ಲಿ ಆ ಸೌಲಭ್ಯವನ್ನು ಕೇಳಬೇಕು. ಬಹುಪಾಲು ಕುಟುಂಬಗಳಿಗೆ ಹಾಗೆ ಕೇಳಬಹುದು ಎಂಬುದೇ ತಿಳಿದಿಲ್ಲ. ಕಿವಿಯ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ: ಆಟಿಸಂ ಇರುವ ಮಗುವನ್ನು ಕಿವುಡು ಎಂದುಕೊಳ್ಳುವುದು, ಕಿವಿ ನಿಜಕ್ಕೂ ಕೇಳಿಸದ ಮಗುವನ್ನು ಆಟಿಸಂ ಎಂದು ಬಿಟ್ಟುಬಿಡುವುದು. ಹೆಸರು ಕರೆದರೆ ತಿರುಗದ ಪ್ರತಿಯೊಂದು ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಮಾತನಾಡದ ಮಗುವಿಗೂ ಅಲ್ಲಿ ಯಂತ್ರದ ಮೂಲಕ ಶ್ರವಣ ಅಳೆಯುತ್ತಾರೆ. ಕಣ್ಣಿನ ದೋಷವೂ ಹೀಗೆಯೇ ಉಳಿದುಬಿಡುತ್ತದೆ. ಅಕ್ಷರ ಓದಿ ಹೇಳಲಾರದ ಮಗುವಿನ ದೃಷ್ಟಿ ಅಳೆಯಲು ಬೇರೆ ವಿಧಾನಗಳಿವೆ.

ಮೂರ್ಛೆ ರೋಗ ಆಟಿಸಂ ಉಳ್ಳವರಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚು. ಎಳೆಯ ವಯಸ್ಸಿನಲ್ಲಿ ಒಮ್ಮೆ, ಹರೆಯದಲ್ಲಿ ಮತ್ತೊಮ್ಮೆ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬಿದ್ದು ಒದ್ದಾಡುವ ಮೂರ್ಛೆಯನ್ನು ಯಾರಾದರೂ ಗುರುತಿಸುತ್ತಾರೆ. ಕೆಲವು ಕ್ಷಣ ಕಣ್ಣು ನೆಟ್ಟು ನಿಲ್ಲುವುದು, ತುಟಿ ಚಪ್ಪರಿಸುವುದು, ಕೈಯಲ್ಲಿದ್ದ ವಸ್ತು ತಟ್ಟನೆ ಜಾರಿ ಬೀಳುವುದು ಇವೂ ಮೂರ್ಛೆಯ ರೂಪಗಳೇ ಆಗಿರಬಹುದು; ಅವನ್ನು ಇವನ ಎಂದಿನ ಲೋಕ ಎಂದು ಬದಿಗಿಡಲಾಗುತ್ತದೆ. ಅಂತಹ ಕ್ಷಣವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರೆ ರೋಗ ಪತ್ತೆಗೆ ಬಹಳ ಸಹಾಯವಾಗುತ್ತದೆ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯೊಳಗೆ ಚಮಚ ತುರುಕುವುದು, ಬರೆ ಹಾಕುವುದು ಯಾವುದರಿಂದಲೂ ಪ್ರಯೋಜನವಿಲ್ಲ. ಕೊನೆಯ ಎರಡರಿಂದ ಹಾನಿಯಿದೆ. ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

ಆಹಾರದ ವಿಷಯದಲ್ಲಿ ವೈದ್ಯರನ್ನೇ ದಾರಿ ತಪ್ಪಿಸಿದ ಒಂದು ಕಾಯಿಲೆಯಿದೆ. ಹಣ್ಣು ತರಕಾರಿಯನ್ನು ಸಂಪೂರ್ಣ ಬಿಟ್ಟ ಮಗು ಇದ್ದಕ್ಕಿದ್ದಂತೆ ಕುಂಟತೊಡಗುತ್ತದೆ, ಬಳಿಕ ನಡೆಯುವುದನ್ನೇ ನಿಲ್ಲಿಸುತ್ತದೆ. ವಸಡು ಊದಿ ರಕ್ತ ಒಸರುತ್ತದೆ. ಕೀಲಿನ ರೋಗವೇ, ರಕ್ತದ ಕ್ಯಾನ್ಸರೇ ಎಂದು ದುಬಾರಿ ಪರೀಕ್ಷೆಗಳಾಗುತ್ತವೆ. ಕಡೆಗೆ ತಿಳಿಯುವುದು ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆ. ಹಿಂದಿನ ಶತಮಾನಗಳ ಹಡಗಿನ ನಾವಿಕರನ್ನು ಕೊಂದ ಅದೇ ರೋಗ. ಆಟಿಸಂ ಇರುವ ಮಕ್ಕಳಲ್ಲಿ ಇಂತಹ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಿ ಜೀವಸತ್ವದ ಅಗ್ಗದ ಮಾತ್ರೆ ಕೊಟ್ಟರೆ ಕೆಲವು ವಾರಗಳಲ್ಲಿ ಮಗು ಮತ್ತೆ ನಡೆಯುತ್ತದೆ. ನೆಲ್ಲಿಕಾಯಿ, ಸೀಬೆ, ನಿಂಬೆ ಬೆಳೆಯುವ ನಾಡಿನಲ್ಲಿ ಸ್ಕರ್ವಿ ಎಲ್ಲಿಯದು ಎಂಬ ಪ್ರಶ್ನೆ ಏಳಬಹುದು. ಹಿತ್ತಿಲಿನಲ್ಲಿ ಮರವಿದ್ದು ಫಲವೇನು, ಮಗು ಬಾಯಿಗಿಡದಿದ್ದರೆ? ಕಬ್ಬಿಣದ ಕೊರತೆ ಇದಕ್ಕಿಂತ ಬಹಳ ಹೆಚ್ಚು ವ್ಯಾಪಕ. ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಗುವಿಗೆ ಮೊದಲು ಆಗಬೇಕಾದುದು ಹಿಮೋಗ್ಲೋಬಿನ್ ಪರೀಕ್ಷೆ. ಬೈಗುಳ ಅಲ್ಲಿ ನಿಷ್ಪ್ರಯೋಜಕ. ರಾತ್ರಿಯಿಡೀ ಕಾಲು ಒದರುತ್ತ ಹೊರಳಾಡುವುದಕ್ಕೂ ಕಬ್ಬಿಣದ ಕೊರತೆ ಕಾರಣವಿರಬಹುದು.

ಔಷಧಗಳ ಬಗ್ಗೆಯೂ ಒಂದು ಮಾತು ಅಗತ್ಯ. ತೀವ್ರ ಸಿಡುಕು ಮತ್ತು ಆಕ್ರಮಣಕ್ಕೆ ಮನೋವೈದ್ಯರು ರಿಸ್ಪೆರಿಡೋನ್‌ನಂತಹ ಮಾತ್ರೆಗಳನ್ನು ಬರೆಯುತ್ತಾರೆ. ಅಗತ್ಯವಿದ್ದೆಡೆ ಅವು ಉಪಕಾರಿ. ಆದರೆ ಅವು ಹಸಿವನ್ನು ವಿಪರೀತ ಹೆಚ್ಚಿಸಿ ತೂಕ ಏರಿಸಬಲ್ಲವು. ರಕ್ತದ ಸಕ್ಕರೆಯೂ ಏರಬಹುದು, ಮೈ ಬಿಗಿಯಬಹುದು. ಹೀಗಾಗಿ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ಕಾಲಕಾಲಕ್ಕೆ ಅಳೆಯಬೇಕು. ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ವರ್ಷಗಟ್ಟಲೆ ಮಾತ್ರೆ ತರುವ ಮನೆಗಳಲ್ಲಿ ಇದಾವುದೂ ನಡೆಯುವುದಿಲ್ಲ. ಮಾತ್ರೆಯನ್ನು ತಾವೇ ಥಟ್ಟನೆ ನಿಲ್ಲಿಸುವುದೂ ಸರಿಯಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಕರೆದೊಯ್ದು ಮರುಪರಿಶೀಲನೆ ಮಾಡಿಸಬಹುದು.

ಹೆಣ್ಣುಮಕ್ಕಳು ಹರೆಯಕ್ಕೆ ಬಂದಾಗ ಮತ್ತೊಂದು ಕಷ್ಟ ಸೇರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎರಡು ಮೂರು ದಿನ ಮಾತ್ರ ಕೈ ಕಚ್ಚಿಕೊಳ್ಳುವ, ಮೂಲೆ ಹಿಡಿಯುವ ಹುಡುಗಿಗೆ ಮುಟ್ಟಿನ ನೋವು ಇರಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಂದರೆ ಮೂರು ತಿಂಗಳಲ್ಲಿ ಇದು ಸ್ಪಷ್ಟವಾಗುತ್ತದೆ. ಸಾಮಾನ್ಯ ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಕೊಟ್ಟರೆ ಸಾಕಾಗುವುದುಂಟು. ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ ನೀಡುವವರು ಇನ್ನೂ ಇದ್ದಾರೆ. ಅಂಗವಿಕಲ ವ್ಯಕ್ತಿಯ ಮುಕ್ತ ಹಾಗೂ ತಿಳಿದು ನೀಡಿದ ಒಪ್ಪಿಗೆಯಿಲ್ಲದೆ ಬಂಜೆತನ ಉಂಟುಮಾಡುವ ಯಾವ ಚಿಕಿತ್ಸೆಯನ್ನೂ ಮಾಡಕೂಡದೆಂದು 2016ರ ಅಧಿನಿಯಮದ 10ನೇ ಪ್ರಕರಣ ಹೇಳುತ್ತದೆ. ಹುಡುಗನಾಗಲಿ ಹುಡುಗಿಯಾಗಲಿ ಹಠಾತ್ತನೆ ಒಬ್ಬ ವ್ಯಕ್ತಿಯನ್ನು ಕಂಡು ಬೆದರಿದರೆ, ಮೈ ಮುಟ್ಟಗೊಡದಿದ್ದರೆ, ದೌರ್ಜನ್ಯದ ಸಾಧ್ಯತೆಯನ್ನೂ ಮರೆಯಬಾರದು. ಮಕ್ಕಳ ಸಹಾಯವಾಣಿ 1098.

ಇಷ್ಟೆಲ್ಲ ಪತ್ತೆಹಚ್ಚಲು ಸರ್ಕಾರದ ವ್ಯವಸ್ಥೆಯೇ ಇಲ್ಲವೆಂದಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ವೈದ್ಯರ ತಂಡ ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಬಾರಿ, ಶಾಲೆಯಲ್ಲಿ ಒಂದು ಬಾರಿ ತಪಾಸಣೆ ಮಾಡಬೇಕು. ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ, ಹತ್ತರಿಂದ ಹತ್ತೊಂಬತ್ತರವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು ಬರುತ್ತದೆ. ಜಂತುಹುಳು ನಿವಾರಣೆಯ ಮಾತ್ರೆ ವರ್ಷಕ್ಕೆ ಎರಡು ಸಲ ಬರುತ್ತದೆ. ಇವೆಲ್ಲವೂ ಹೆಚ್ಚಾಗಿ ತಲುಪುವುದು ಶಾಲೆ ಮತ್ತು ಅಂಗನವಾಡಿಯ ಬಾಗಿಲಿನ ಮೂಲಕ. ಆಟಿಸಂ ಇರುವ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಗೃಹಾಧಾರಿತ ಶಿಕ್ಷಣವೆಂದು ಬರೆದಿರುತ್ತದೆ. ತಪಾಸಣೆಯ ದಿನ ಮಗು ಮನೆಯಲ್ಲಿರುತ್ತದೆ. ಶಾಲೆಗೆ ಬಂದಿದ್ದರೂ ಗದ್ದಲಕ್ಕೆ ಬೆದರಿ ಓಡುತ್ತದೆ, ಸಹಕರಿಸಲಿಲ್ಲ ಎಂದು ಬರೆದು ತಂಡ ಮುಂದಿನ ಊರಿಗೆ ಹೊರಡುತ್ತದೆ. ತಪಾಸಣೆಯ ಅಗತ್ಯ ಅತಿ ಹೆಚ್ಚು ಯಾರಿಗಿದೆಯೋ ಅವರೇ ಬಿಟ್ಟುಹೋಗುತ್ತಾರೆ.

ಗ್ರಾಮ ಪಂಚಾಯಿತಿ ಸದಸ್ಯರಿಗೆ ಕೆಲಸವಿರುವುದು ಇಲ್ಲಿ. ಪುನರ್ವಸತಿ ಕಾರ್ಯಕರ್ತರ ಪಟ್ಟಿ, ಆಶಾ ಕಾರ್ಯಕರ್ತೆಯ ಮನೆಭೇಟಿಯ ಪುಸ್ತಕ, ಶಾಲೆಯ ಗೃಹಾಧಾರಿತ ಮಕ್ಕಳ ಪಟ್ಟಿ ಈ ಮೂರನ್ನು ಒಂದೇ ಮೇಜಿನ ಮೇಲಿಟ್ಟು ಹೋಲಿಸಿದರೆ ಬಿಟ್ಟುಹೋದ ಹೆಸರುಗಳು ಹೊರಬೀಳುತ್ತವೆ; ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆ ಇದಕ್ಕೆ ತಕ್ಕ ಸ್ಥಳ. ಹಾಗೆ ಸಿಕ್ಕ ಮಕ್ಕಳನ್ನು ಮನೆಯಲ್ಲೇ ತಪಾಸಣೆ ಮಾಡುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪತ್ರ ಬರೆಯಬಹುದು. ಅಧಿನಿಯಮದ 25ನೇ ಪ್ರಕರಣ ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆನ್ನುತ್ತದೆ. ಇದು ದಯೆಯ ಮಾತಲ್ಲ, ಕಾನೂನು. ಜನಜಂಗುಳಿಯ ಸಾಲಿನಲ್ಲಿ ಎರಡು ಗಂಟೆ ಕಾದ ಮಗುವನ್ನು ಯಾವ ವೈದ್ಯರೂ ಸರಿಯಾಗಿ ಪರೀಕ್ಷಿಸಲಾರರು. ಬೆಳಗಿನ ಮೊದಲ ಚೀಟಿ ಆ ಮಗುವಿಗೆ ಮೀಸಲಾದರೆ ಸಾಧ್ಯವಾಗುತ್ತದೆ. ಆಸ್ಪತ್ರೆಗೆ ಹೋಗಿಬರುವ ವಾಹನದ ಖರ್ಚು ಎಷ್ಟೋ ಕುಟುಂಬಗಳನ್ನು ಮನೆಯಲ್ಲೇ ಕೂರಿಸುತ್ತದೆ. ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡುವ ಶೇಕಡ 5ರ ಮೊತ್ತದ ಕ್ರಿಯಾಯೋಜನೆ ಚರ್ಚೆಗೆ ಬಂದಾಗ ಈ ವೆಚ್ಚವನ್ನೂ ಸಭೆಯ ಮುಂದಿಡಬಹುದು. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ಆಟಿಸಂ ಉಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುತ್ತದೆ. ಹೊರರೋಗಿ ಚಿಕಿತ್ಸೆಯೂ ಅದರೊಳಗಿದೆ. ಅದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು, ಆದ್ದರಿಂದ ಯು.ಡಿ.ಐ.ಡಿ. ಕಾರ್ಡು ಇಲ್ಲದ ಹೆಸರುಗಳನ್ನು ಮೊದಲು ಎತ್ತಿಕೊಳ್ಳಬೇಕು.

ಕಾಸಿನ ಖರ್ಚಿಲ್ಲದ ಒಂದು ಕೆಲಸವೂ ಇದೆ. ಆಟಿಸಂ ಇರುವ ಪ್ರತಿಯೊಬ್ಬ ಮಗು ಮತ್ತು ಯುವಕ ಯುವತಿಯ ಬಗ್ಗೆ ಮನೆಯವರನ್ನು ಕೇಳಿ ಒಂದು ಪುಟ ಬರೆಯಿಸುವುದು: ಚೆನ್ನಾಗಿರುವಾಗ ಹೇಗಿರುತ್ತಾರೆ, ನೋವಾದಾಗ ಏನು ಮಾಡುತ್ತಾರೆ, ಏನು ತಿನ್ನುತ್ತಾರೆ, ಯಾವ ಮಾತ್ರೆ ನಡೆಯುತ್ತಿದೆ, ಯಾರು ಮುಟ್ಟಿದರೆ ಸಹಿಸುತ್ತಾರೆ. ಒಂದು ಪ್ರತಿ ತಾಯಿಯ ಬಳಿ, ಒಂದು ಆಶಾ ಕಾರ್ಯಕರ್ತೆಯ ಬಳಿ, ಒಂದು ಆರೋಗ್ಯ ಕೇಂದ್ರದಲ್ಲಿ. ತಾಯಿ ಇಲ್ಲದ ರಾತ್ರಿಯಲ್ಲಿ ಆಸ್ಪತ್ರೆ ಸೇರಿದ ಮಗನ ಪರವಾಗಿ ಮಾತನಾಡುವುದು ಆ ಪುಟವೇ.

ಹದಿನೆಂಟು ತುಂಬಿದ ದಿನ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುವುದು ನಿಲ್ಲುತ್ತದೆ, ಶಾಲೆಯ ಹೆಸರೂ ಕಳಚುತ್ತದೆ, ಮಕ್ಕಳ ವೈದ್ಯರು ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ ಎನ್ನುತ್ತಾರೆ. ಅಲ್ಲಿ ಅವನ ಬಗ್ಗೆ ಯಾರಿಗೂ ಏನೂ ತಿಳಿದಿರುವುದಿಲ್ಲ. ಹದಿನೇಳು ನಡೆಯುತ್ತಿರುವಾಗಲೇ ಅಂಥವರ ಪಟ್ಟಿ ತಯಾರಿಸಿ, ತೂಕ, ಹಿಮೋಗ್ಲೋಬಿನ್, ಹಲ್ಲು, ಕಿವಿ, ಕಣ್ಣು, ಮೂರ್ಛೆಯ ಇತಿಹಾಸ, ನಡೆಯುತ್ತಿರುವ ಔಷಧ ಇವುಗಳ ದಾಖಲೆಯೊಂದಿಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಹಸ್ತಾಂತರಿಸುವ ಹೊಣೆಯನ್ನು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ ವಹಿಸಬಹುದು. ಈ ವರ್ಷ ಹದಿನೇಳು ತುಂಬಿದವರ ಹೆಸರುಗಳನ್ನು ವಿಕಲಚೇತನರ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ಸೇರಿಸಲು ಅವಕಾಶವಿದೆ.